ಬೊರಿಸಾವನ ಟ್ರ್ಯಾಕ್ಟರ್

ತಿಹೋಮಿರನ ಬಗ್ಗೆ ಒಳ್ಳೆಯ ಮಾತು ಬರೆಯುವ ಮನಸ್ಸು ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವನು ಕಳ್ಳನಲ್ಲ, ಕುಡುಕನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಅವನು ಮಾಡಿದ ತಪ್ಪು ಒಂದೇ. ನಾನು ಮದುವೆಯಾಗಬೇಕು ಅಂದುಕೊಂಡಿದ್ದ ಕೊಸಾನಾಳನ್ನು ಅವನು ಮದುವೆಯಾದ.

ನಾನು ಸ್ರೇತೆನ್, ರುಡ್ನಿಕ್ ಬೆಟ್ಟದ ಈ ಮಗ್ಗುಲಿನ ಏಳೆಂಟು ಊರಿಗೆ ಟ್ರ್ಯಾಕ್ಟರ್ ಮೇಸ್ತ್ರಿ. ಹೆಂಡತಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಕೊಸಾನಾಳ ಮೊದಲ ಗಂಡ ಬೊರಿಸಾವ್ ಪ್ಲಮ್ ಕೊಯ್ಲಿನ ಹೊತ್ತಿಗೆ ಎದೆ ಹಿಡಿದುಕೊಂಡು ಸತ್ತ. ಮಕ್ಕಳಿರಲಿಲ್ಲ. ನಮ್ಮಲ್ಲಿ ಸತ್ತವರಿಗೆ ನಲವತ್ತನೇ ದಿನ, ಅರ್ಧ ವರ್ಷ, ವರ್ಷ ಎಂದು ಗೋರಿಯ ಮುಂದೆ ಮೇಣದಬತ್ತಿ ಹಚ್ಚಿ, ಬಂದವರಿಗೆ ಊಟ ಹಾಕುತ್ತಾರೆ. ವರ್ಷದ್ದು ಮುಗಿಯುವ ತನಕ ವಿಧವೆಯ ಮುಂದೆ ಮದುವೆಯ ಮಾತೆತ್ತುವುದು ಮರ್ಯಾದೆಯಲ್ಲ. ನಾನು ದೊಡ್ಡ ಮರ್ಯಾದಸ್ಥ ನೋಡಿ! ನಲವತ್ತಕ್ಕೆ ಹೋಗಿ ತಲೆ ತಗ್ಗಿಸಿ ಉಂಡು ಬಂದೆ. ಅರ್ಧ ವರ್ಷಕ್ಕೆ ಹೋಗಿ ಉಂಡು ಬಂದೆ. ವರ್ಷದ್ದು ಕಳೆದ ಮಾರನೆಯ ದಿನ ಏನು ಹೇಳಬೇಕೆಂದು ಆಗಿನಿಂದಲೇ ಗ್ಯಾರೇಜಿನಲ್ಲಿ ಒಬ್ಬನೇ ನಿಂತು ಬಾಯಿಪಾಠ ಮಾಡುತ್ತಿದ್ದೆ.

ಅಷ್ಟರಲ್ಲಿ ಬೆಟ್ಟದ ಆಚೆಯಿಂದ ಚೆರ್ರಿ ಕೀಳಲು ಕೂಲಿಗೆ ಬಂದಿದ್ದ ತಿಹೋಮಿರ್, ಬೊರಿಸಾವ್ ಸತ್ತ ಒಂಬತ್ತನೇ ತಿಂಗಳಿಗೇ, ಏಣಿಯ ಮೇಲಿಂದ ಕೇಳಿಬಿಟ್ಟನಂತೆ. "ಕೊಸಾನಾ, ನೀನೂ ಒಂಟಿ, ನಾನೂ ಒಂಟಿ. ಏನಂತೀಯ?" ಅವಳು, "ಮೊದ್ಲು ಕೆಳಗಿಳಿ, ಬಿದ್ದೀಯ" ಅಂದಳಂತೆ. ಇಷ್ಟೇ ಮಾತು. ವರ್ಷದ ಊಟಕ್ಕೆ ನಾನು ಹೋದಾಗ ಬ್ರೆಡ್ಡು ಹೆಚ್ಚಿ ಬಡಿಸುತ್ತಿದ್ದವನು ಅವನೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಇದೆಯಲ್ಲ, ಆ ದಿನ ಅವನು ಬಡಿಸಿದ ತುತ್ತು ನನ್ನ ಗಂಟಲಿನಿಂದ ಕೆಳಗಿಳಿಯಲಿಲ್ಲ.

ಆಯಿತು, ಅವನ ಕಥೆ ಹೇಳುತ್ತೇನೆ. ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಕೊನೆಯವನು. ಇದ್ದ ಜಮೀನು ದೊಡ್ಡವನಿಗೆ ಹೋಯಿತು. ಇವನು ಮರ ಕೊಯ್ಯುವ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಮಿಲ್ಲು ಮುಚ್ಚಿದಾಗ ಅವನ ಹತ್ತಿರ ಒಂದು ಸೈಕಲ್ಲು, ಒಂದು ಹುಲ್ಲು ಕೊಯ್ಯುವ ಕುಡುಗೋಲು ಬಿಟ್ಟರೆ ತನ್ನದು ಅನ್ನುವ ವಸ್ತು ಇರಲಿಲ್ಲ. ಆ ಎರಡನ್ನೂ ತೆಗೆದುಕೊಂಡು ಕೊಸಾನಾಳ ಮನೆಗೆ ಬಂದ. ಅಂದರೆ ಮನೆ ಅಳಿಯನಾದ. ನಮ್ಮ ಕಡೆ ಮನೆ ಅಳಿಯನ ಪಾಡು ಹೇಳಬಾರದು. ಅಂಗಳದ ಕೋಳಿಗೂ ಅವನಿಗಿಂತ ಒಂದು ಮಾತು ಹೆಚ್ಚು ನಡೆಯುತ್ತದೆ ಎನ್ನುತ್ತಾರೆ. ಹೆಂಡದಂಗಡಿಗೆ ಬಂದರೆ ಸಾಕು, ಮೂಲೆಯಿಂದ ಯಾರಾದರೂ ಕೂಗುತ್ತಿದ್ದರು. "ಏನ್ ತಿಹೋಮಿರ್, ಇವತ್ತು ಒಳಗೆ ಬಿಟ್ಕೊಂಡ್ರಾ, ಇಲ್ಲಾ ಕೊಟ್ಟಿಗೇಲೇ ಮಲಗಿದ್ಯಾ?"

ಹಾಗೆ ಕೂಗಿದವರಲ್ಲಿ ನಾನೂ ಒಬ್ಬ. ಸುಳ್ಳೇಕೆ ಹೇಳಲಿ?

ಅವನು ಅದಕ್ಕೆಲ್ಲ ನಗುತ್ತಿದ್ದ. ಅವನಿಗೆ ನಗು ಬಾರದ ವಿಷಯ ಒಂದೇ, ಸತ್ತುಹೋದ ಬೊರಿಸಾವ್. ಮಲಗುವ ಮಂಚ ಬೊರಿಸಾವನದು. ಕಾಲಿಗೆ ಬೂಟು ಬೊರಿಸಾವನದು, ದರಿದ್ರ ಅಳತೆಯೂ ಒಂದೇ. ದಾರಿಯಲ್ಲಿ ಸಿಕ್ಕವರು, "ಬೊರಿಸಾವನ ಹೊಲ ಉಳ್ತಿದ್ದೀಯಾ? ಬೊರಿಸಾವನ ಹಸು ಕರು ಹಾಕ್ತಾ?" ಎಂದೇ ಕೇಳುತ್ತಿದ್ದರು. ಸ್ಮಶಾನಕ್ಕೆ ಹೋದರೆ ಅಲ್ಲೂ ಅದೇ ಗೋಳು. ನಮ್ಮವರು ಬದುಕಿರುವಾಗಲೇ ಜೋಡಿ ಗೋರಿಕಲ್ಲು ಮಾಡಿಸಿಡುತ್ತಾರೆ. ಕರಿಕಲ್ಲಿನ ಮೇಲೆ ಬೊರಿಸಾವನ ಮುಖ, ಅದರ ಪಕ್ಕದಲ್ಲೇ ಕೊಸಾನಾಳ ಮುಖ. ಅವಳ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಖಾಲಿ ಜಾಗ. ಒಮ್ಮೆ ಕುಡಿದ ಅಮಲಿನಲ್ಲಿ ತಿಹೋಮಿರ್ ನನ್ನನ್ನು ಕೇಳಿದ್ದ. "ಮೇಸ್ತ್ರಿ, ಬದುಕಿದ್ದಾಗ ಅವನ ಮಂಚದಲ್ಲಿ ಮಲಗ್ತೀನಿ. ಸತ್ಮೇಲೆ ಎಲ್ಲಿ ಮಲಗ್ಲಿ ಹೇಳು?" ನನಗೆ ಅಯ್ಯೋ ಅನ್ನಿಸಬೇಕಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಅವನ ಹೊಟ್ಟೆ ಉರಿಸುತ್ತಿದ್ದದ್ದು ಆ ಕೆಂಪು ಟ್ರ್ಯಾಕ್ಟರ್. ಮೂರು ಸಿಲಿಂಡರಿನ ಹಳೆಯ ಗಾಡಿ, ಇಪ್ಪತ್ತೈದು ವರ್ಷ ದಾಟಿತ್ತು. ಬೊರಿಸಾವ್ ಅದನ್ನು ಮದುಮಗಳ ಹಾಗೆ ಒರೆಸಿ ಇಟ್ಟಿದ್ದ. ಊರಿನಲ್ಲಿ ಅದಕ್ಕೆ ಬೊರಿಸಾವನ ಟ್ರ್ಯಾಕ್ಟರ್ ಎಂದೇ ಹೆಸರು, ಅವನು ಸತ್ತ ಮೇಲೂ.

ಹಳೇ ಟ್ರ್ಯಾಕ್ಟರಿಗೆ ನಾವು ಬರಿಯ ನೀರು ಹಾಕುವವರು. ಹೆಪ್ಪುಗಟ್ಟದ ದ್ರವ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಬಾವಿಯಲ್ಲಿ ನೀರು ಪುಕ್ಕಟೆ ಇರುವಾಗ ಅದನ್ನು ಯಾರು ಕೊಳ್ಳುತ್ತಾರೆ? ಹಾಗಾಗಿ ಚಳಿಗಾಲದಲ್ಲಿ ದಿನಾ ಸಂಜೆ ಎಂಜಿನ್ನಿನ ಮಗ್ಗುಲಿನ ನಲ್ಲಿ ತಿರುಗಿಸಿ ನೀರು ಬಸಿಯಬೇಕು. ಇಲ್ಲದಿದ್ದರೆ ನೀರು ಮಂಜುಗಡ್ಡೆಯಾಗಿ ಉಬ್ಬಿ ಬೀಡುಕಬ್ಬಿಣವನ್ನು ಸೀಳಿಬಿಡುತ್ತದೆ. ಇನ್ನೊಂದು ವಿಷಯ. ಹಳೇ ಎಂಜಿನ್ನಿನೊಳಗೆ ತುಕ್ಕು, ಸುಣ್ಣದ ಕೆಸರು ಇರುತ್ತದೆ. ನಲ್ಲಿ ತಿರುಗಿಸಿದರೆ ಅರ್ಧ ಬಕೆಟ್ ಬಂದು ನಿಂತುಬಿಡುತ್ತದೆ. ಮುಗಿಯಿತು ಅಂದುಕೊಂಡರೆ ಕೆಟ್ಟೆ. ಒಂದು ತಂತಿ ತೂರಿಸಿ ಕೆದಕಿದರೆ ಉಳಿದರ್ಧ ಬರುತ್ತದೆ. ಬೊರಿಸಾವ್ ಅದಕ್ಕೆಂದೇ ತುದಿಯನ್ನು ಬಳೆಯಂತೆ ಸುತ್ತಿದ ತಂತಿಯೊಂದನ್ನು ಷೆಡ್ಡಿನ ಮೊಳೆಗೆ ನೇತು ಹಾಕಿದ್ದ.

ಕೊಸಾನಾ ದಿನಾ ಸಂಜೆ ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದಳು. "ತಂತಿ ಹಾಕಿ ಕೆದಕ್ದ್ಯಾ? ಬೊರಿಸಾವ್ ದಿನಾ ಕೆದಕ್ತಿದ್ದ." ನಾಲ್ಕು ಚಳಿಗಾಲ ತಿಹೋಮಿರ್ ಕೆದಕಿದ. ಐದನೇ ಚಳಿಗಾಲದ ಜನವರಿಯ ಒಂದು ಸಂಜೆ ಅವನಿಗೆ ತಲೆ ಕೆಟ್ಟಿತು. "ಬೊರಿಸಾವ್ ಕೆದಕ್ತಿದ್ರೆ ಬೊರಿಸಾವನ್ನೇ ಕರಿ, ಬಂದು ಕೆದಕ್ಲಿ!" ಎಂದು ಒದರಿ, ಬಂದಷ್ಟು ನೀರು ಬಸಿದು, ತಂತಿ ಮುಟ್ಟದೆ ಒಳಗೆ ಹೋದ. ಆ ರಾತ್ರಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಹೋಯಿತು. ಬೆಳಿಗ್ಗೆ ನೋಡಿದರೆ ಎಂಜಿನ್ನಿನ ಎಡ ಮಗ್ಗುಲಲ್ಲಿ ಒಂದು ಗೇಣುದ್ದದ ಬಿರುಕು.

ನನ್ನನ್ನು ಕರೆಸಿದರು. ಬಿರುಕು ನೋಡಿದೆ, ಮೊಳೆಯಲ್ಲಿ ಒಣಗಿ ನೇತಾಡುತ್ತಿದ್ದ ತಂತಿ ನೋಡಿದೆ, ತಿಹೋಮಿರನ ಮುಖ ನೋಡಿದೆ. ಕೇಳುವುದೇನೂ ಉಳಿದಿರಲಿಲ್ಲ.

"ರಿಪೇರಿ ಆಗುತ್ತಾ ಮೇಸ್ತ್ರಿ?" ಎಂದಳು ಕೊಸಾನಾ.

"ಇದನ್ನ ಗುಜರಿಗೆ ಹಾಕು" ಎಂದ ತಿಹೋಮಿರ್, ನನಗಲ್ಲ, ಅವಳಿಗೆ. "ಅಣ್ಣ ಪಾಲಿನ ಬಾಬ್ತು ಒಂದಿಷ್ಟು ಕೊಡ್ತೀನಿ ಅಂದಿದ್ದಾನೆ. ಬೇರೆ ಟ್ರ್ಯಾಕ್ಟರ್ ತರ್ತೀನಿ. ಹಳೇದೇ ಆಗ್ಲಿ, ನೀಲೀದೇ ಆಗ್ಲಿ. ನನ್ನದಾಗಿರ್ಲಿ."

"ಇದು ರಿಪೇರಿ ಆಗೋದಾದ್ರೆ ಬೇರೆ ಯಾಕೆ?"

"ಕೊಸಾನಾ, ಕೇಳು. ಆ ಸತ್ತವನ ಎಂಜಿನ್ ಸದ್ದು ಈ ಅಂಗಳದಲ್ಲಿ ಇನ್ನೊಂದ್ಸಲ ಕೇಳಿದ್ರೆ ನಾನು ಇಲ್ಲಿರಲ್ಲ. ಅವನು ಬೇಕಾ, ನಾನು ಬೇಕಾ, ತೀರ್ಮಾನ ಮಾಡು."

ಅವಳು ನನ್ನ ಕಡೆ ತಿರುಗಿ, "ನೀನು ನೋಡು ಮೇಸ್ತ್ರಿ. ಆಗಲ್ಲ ಅಂದ್ರೆ ಗುಜರಿಗೆ. ಆಗುತ್ತೆ ಅಂದ್ರೆ ಮಾಡು" ಎಂದು ಒಳಗೆ ಹೋದಳು.

ಅಂದರೆ ತೀರ್ಪು ನನ್ನ ಕೈಗೆ ಬಂತು! ಎಂಜಿನ್ ಸತ್ತರೆ ತಿಹೋಮಿರ್ ಉಳಿಯುತ್ತಾನೆ. ಎಂಜಿನ್ ಬದುಕಿದರೆ ಅವನು ಹೊರಡುತ್ತಾನೆ, ಕೊಸಾನಾ ಮತ್ತೆ ಒಂಟಿ. ಈ ಸಲ ಯಾವ ನಲವತ್ತಕ್ಕೂ ಕಾಯಬೇಕಾಗಿರಲಿಲ್ಲ. ಹೊರಗೆ ಗಂಭೀರವಾಗಿ ಗಡ್ಡ ಕೆರೆದುಕೊಂಡೆ. ಒಳಗೆ, ದೇವರೇ, ಈ ಎಂಜಿನ್ ಬದುಕಲಿ ಎಂದು ಹರಕೆ ಹೊರುತ್ತಿದ್ದೆ.

ಒಂದು ದಿನವಿಡೀ ಎಂಜಿನ್ ಬಿಚ್ಚಿದೆ. ಹೆಡ್ ತೆಗೆದು ಪಿಸ್ಟನ್ ಹೊರಗೆಳೆದೆ. ಹೊರಗಿನ ಬಿರುಕನ್ನು ಹೊಲಿಯಬಹುದು, ಅದು ನನ್ನ ಕೈಗೆ ಪಳಗಿದ ಕೆಲಸ. ಆದರೆ ಬಿರುಕು ಒಳಗಿನ ಸಿಲಿಂಡರಿಗೂ ಹೋಗಿದ್ದರೆ ಮುಗಿಯಿತು. ಅದನ್ನು ತಿಳಿಯಲು ಸಿಲಿಂಡರಿನ ಒಳಗೋಡೆಯನ್ನು ಚೊಕ್ಕಟವಾಗಿ ಒರೆಸಿ ಸೀಮೆಸುಣ್ಣ ಬಳಿಯಬೇಕು. ಹೊರಗಿನ ಬಿರುಕಿಗೆ ಬಾರ್ ಸೋಪು ಉಜ್ಜಿ ಮುಚ್ಚಿ, ನೀರು ಓಡಾಡುವ ಜಾಗಕ್ಕೆ ಸೀಮೆಎಣ್ಣೆ ತುಂಬಿಸಿ ಒಂದು ಗಂಟೆ ಬಿಡಬೇಕು. ಸೀಮೆಎಣ್ಣೆ ಕೂದಲೆಳೆಯಷ್ಟು ಸಂದಿನಲ್ಲೂ ನುಸುಳುತ್ತದೆ. ಸುಣ್ಣದ ಮೇಲೆ ಒದ್ದೆ ಗೆರೆ ಮೂಡಿದರೆ ಎಂಜಿನ್ ಗುಜರಿಗೆ. ಒಣಗಿದ್ದರೆ ನನ್ನ ಕೈಗೆ. ಪಕ್ಕದಲ್ಲೇ ನಿಂತಿದ್ದ ತಿಹೋಮಿರನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಹೇಳುವಾಗ ಸ್ವಲ್ಪ ಜಂಬವೂ ಇತ್ತು.

ಮುಕ್ಕಾಲು ಗಂಟೆಯಾದಾಗ ಬಗ್ಗಿ ನೋಡಿದೆ. ಮೂರೂ ಸಿಲಿಂಡರ್ ಬೆಳ್ಳಗೆ ಒಣಗಿದ್ದವು. ಅಷ್ಟರಲ್ಲಿ ಕೊಸಾನಾ ಕಾಫಿಗೆ ಕರೆದಳು. ನಾನು ಹೋದೆ. ತಿಹೋಮಿರ್, "ಕೈ ತೊಳ್ಕೊಂಡು ಬರ್ತೀನಿ" ಎಂದು ಹಿಂದೆ ಉಳಿದ.

ಅಡುಗೆಮನೆಯಲ್ಲಿ ಅವಳು ಬಂದವರಿಗೆ ಕೊಡುವಂತೆ ಒಂದು ಚಮಚ ಹಣ್ಣಿನ ಮುರಬ್ಬ, ಒಂದು ಲೋಟ ನೀರು, ಆಮೇಲೆ ಕಾಫಿ ಕೊಟ್ಟಳು. ಎದುರಿಗೆ ಕೂತಳು. ಐದು ವರ್ಷದಲ್ಲಿ ಆ ಮನೆಯಲ್ಲಿ ನಾವಿಬ್ಬರೇ ಎದುರುಬದುರು ಕೂತದ್ದು ಅದೇ ಮೊದಲು. ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಾಗಲಿಲ್ಲ. "ಮುರಬ್ಬ ಚೆನ್ನಾಗಿದೆ" ಎಂದೆ. ಥೂ ನನ್ನ!

ವಾಪಸು ಷೆಡ್ಡಿಗೆ ಹೋದರೆ ಒಂದನೇ ಸಿಲಿಂಡರಿನಲ್ಲಿ, ಮೇಲಿನಿಂದ ಕೆಳಕ್ಕೆ, ಒಂದು ಒದ್ದೆ ಗೆರೆ.

"ಹೋಯ್ತು ಬಿಡು ಮೇಸ್ತ್ರಿ" ಎಂದ ತಿಹೋಮಿರ್. "ಪಾಪ, ನೀನೂ ಎಷ್ಟು ಕಷ್ಟಪಟ್ಟೆ."

ಟಾರ್ಚು ಹಿಡಿದು ನೋಡಿದೆ. ಮೂವತ್ತು ವರ್ಷದಿಂದ ಬಿರುಕು ನೋಡಿಕೊಂಡು ಬಂದವನು ನಾನು. ಬಿರುಕಿನ ಗೆರೆ ಅಂಕುಡೊಂಕಾಗಿ ಹೋಗುತ್ತದೆ, ಅಂಚು ಇಷ್ಟಿಷ್ಟೇ ಹರಡುತ್ತದೆ. ಇದು ನೆಟ್ಟಗಿತ್ತು, ಹೆಬ್ಬೆರಳಿನ ಅಗಲವಿತ್ತು, ಸುಣ್ಣ ಉಜ್ಜಿಹೋಗಿತ್ತು. ಅದೂ ಬಲ ಮಗ್ಗುಲಲ್ಲಿ. ಹೊರಗಿನ ಬಿರುಕು ಇದ್ದದ್ದು ಎಡಕ್ಕೆ!

ನನಗೆ ಕೋಪ ಬರಲಿಲ್ಲ. ನಿಜ ಹೇಳುತ್ತೇನೆ, ಕುಣಿಯುವಷ್ಟು ಖುಷಿಯಾಯಿತು. ಸಿಕ್ಕಿಬಿದ್ದೆಯಲ್ಲೋ ಮಗನೇ! ಅಲ್ಲೇ ಅವನಿಗೊಬ್ಬನಿಗೇ ಹೇಳಿ ಮುಗಿಸಬಹುದಿತ್ತು. ಗಂಡಸರಿಬ್ಬರ ನಡುವೆ ಮುಚ್ಚಿಹೋಗುತ್ತಿತ್ತು. ನಾನು ಹಾಗೆ ಮಾಡಲಿಲ್ಲ.

"ಕೊಸಾನಾ! ಬಾ ಇಲ್ಲಿ" ಎಂದು ಕೂಗಿದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. "ನೋಡು, ಈ ಬಿರುಕು ಎಂಜಿನ್ನಿಗೆ ಬಿದ್ದಿದ್ದಲ್ಲ. ಯಾರದೋ ಹೆಬ್ಬೆರಳು ಹಾಕಿದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಿಹೋಮಿರನ ಬಲಗೈ ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು. ಕೊಸಾನಾ ನೋಡಿದಳು. ಹೋಗಿ ಆ ಕೈಯನ್ನು ಜೇಬಿನಿಂದ ಹೊರಗೆ ಎಳೆದಳು. ಹೆಬ್ಬೆರಳಿನ ಉಗುರಿನ ತುಂಬ ಬಿಳಿ ಸುಣ್ಣ. ಮೂಸಿದಳು. ಸೀಮೆಎಣ್ಣೆ.

"ತಂತಿ ಹಾಕದೇ ಇದ್ದಿದ್ದೂ ಬೇಕೂಂತಲೇನಾ?" ಎಂದು ಮೆಲ್ಲಗೆ ಕೇಳಿದಳು.

"ಹೂಂ" ಎಂದ. ಐವತ್ತಾರು ವರ್ಷದ ಆ ಗಂಡಸು ಅಳಲು ಶುರು ಮಾಡಿದ. "ಸಾಕಾಗಿದೆ ಕೊಸಾನಾ. ಎಲ್ಲಿ ಕೈ ಇಟ್ರೂ ಅವನೇ. ಅವನ ಬೂಟು, ಅವನ ಮಂಚ, ಅವನ ಟ್ರ್ಯಾಕ್ಟರ್. ಕಲ್ಲಿನ ಮೇಲೂ ಅವನ ಪಕ್ಕದಲ್ಲೇ ನೀನು. ನಾನು ಯಾರು ಇಲ್ಲಿ? ಚೆರ್ರಿ ಕೀಳೋಕ್ ಬಂದ ಕೂಲಿ."

"ಯಾರ ಟ್ರ್ಯಾಕ್ಟರ್?" ಎಂದಳು ಕೊಸಾನಾ.

"ಬೊರಿಸಾವಂದು."

"ಯಾರ ಟ್ರ್ಯಾಕ್ಟರ್ ಅಂದೆ?" ಈ ಸಲ ಅವಳ ದನಿಗೆ ಷೆಡ್ಡಿನ ತಗಡು ನಡುಗಿತು. "ಪರದೇಶಕ್ಕೆ ಹೋಗಿ ಲಿಂಟ್ಸಲ್ಲಿ ನಾಲ್ಕು ವರ್ಷ ಆಸ್ಪತ್ರೆ ಹಾಸಿಗೆಬಟ್ಟೆ ಒಗೆದೋಳು ನಾನು. ರಕ್ತ, ಕೀವು, ಎಲ್ಲಾ ಈ ಕೈಯಲ್ಲಿ ಒಗೆದೆ. ಒಂದು ಐಸ್‌ಕ್ರೀಮ್ ತಿನ್ನದೆ ದುಡ್ಡು ಕಳಿಸ್ದೆ. ವಾಪಸ್ ಬಂದು ನೋಡಿದ್ರೆ ಅವನು ಟ್ರ್ಯಾಕ್ಟರ್ ಮೇಲೆ ಕೂತಿದ್ದ. ಸಾಯೋ ತನಕ ಇಳೀಲಿಲ್ಲ! ಒಂದ್ಸಲ, ಒಂದೇ ಸಲ ಹತ್ತಿ ಕೂತೆ. 'ಇಳಿ, ಊರೋರು ನಗ್ತಾರೆ' ಅಂದ. ಇಪ್ಪತ್ತು ವರ್ಷ ಹಿಂದುಗಡೆ ಟ್ರೇಲರ್‌ನಲ್ಲಿ ಮೂಟೆ ಜೊತೆ ಮೂಟೆ ಆಗಿ ಹೋದೆ. ಆ ಕಲ್ಲು? ನಾನು ಕೊಟ್ಟಿಗೇಲಿದ್ದಾಗ ಹೋಗಿ ಕೆತ್ತಿಸ್ಕೊಂಡ್ ಬಂದ. ನನ್ನ ಯಾರು ಕೇಳಿದ್ರು?"

"ನಂಗೆ ಯಾಕೆ ಹೇಳ್ಲಿಲ್ಲ?" ಎಂದ ತಿಹೋಮಿರ್.

"ನೀನು ಯಾವತ್ತು ಕೇಳ್ದೆ? ಬಂದಾಗಿಂದ ಆ ಸತ್ತವನ ಜೊತೆ ಜಗಳ ಆಡೋಕೇ ನಿಂಗೆ ಪುರುಸೊತ್ತಿಲ್ಲ. ನಾನು ಬದುಕಿದ್ದೀನಿ, ನನ್ನ ಜೊತೆ ಮಾತಾಡೋಕೆ ಎಲ್ಲಿ ಟೈಮು?"

ನಾನು ಗಡ್ಡದೊಳಗೇ ನಗುತ್ತಿದ್ದೆನೋ ಏನೋ. ಅವಳು ಸರಕ್ಕನೆ ನನ್ನ ಕಡೆ ತಿರುಗಿದಳು. "ನೀನ್ಯಾಕೆ ಹಲ್ಲು ಕಿರೀತೀಯ? ಅವನ ಬೆರಳು ಹಿಡಿದು ತೋರಿಸಿದ್ದಕ್ಕೆ ಅಷ್ಟೊಂದು ಖುಷಿನಾ? ಹೋಗಿ ಕನ್ನಡೀಲಿ ಮುಖ ನೋಡ್ಕೋ ಮೇಸ್ತ್ರಿ. ನೀನೂ ಬಂದಾಗೆಲ್ಲ 'ಬೊರಿಸಾವನ ಟ್ರ್ಯಾಕ್ಟರ್ ಹೇಗಿದೆ' ಅಂತಾನೇ ಕೇಳಿದ್ದು." ಅವಳು ಏಪ್ರನ್ನಿನ ಅಂಚಿನಲ್ಲೇ ಮೂಗು ಒರೆಸಿಕೊಂಡು, "ರಿಪೇರಿ ಮಾಡು. ನನಗೆ ಓಡಿಸೋದು ಕಲಿಸು" ಎಂದಳು.

ತಿಹೋಮಿರ್ ಆ ಮಧ್ಯಾಹ್ನವೇ ಹೊರಟ. ಬೊರಿಸಾವನ ಬೂಟುಗಳನ್ನು ಜೋಡಿಸಿ ಮೆಟ್ಟಿಲ ಮೇಲಿಟ್ಟು, ತನ್ನ ಸವೆದ ಷೂ ಹಾಕಿಕೊಂಡು, ಹಿಮದಲ್ಲಿ ಸೈಕಲ್ಲು ತಳ್ಳಿಕೊಂಡು ಬೆಟ್ಟದ ಆಚೆ ಅಣ್ಣನ ಮನೆಗೆ ಹೋದ. ಕೊಸಾನಾ ತಡೆಯಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದಳು, ಅಷ್ಟೇ.

ಬಿರುಕು ಹೊಲಿಯುವುದು ನಾಲ್ಕು ದಿನದ ಕೆಲಸ. ನಾನು ಎರಡು ವಾರ ಮಾಡಿದೆ. ಎರಡು ತುದಿಗೂ ತೂತು ಕೊರೆದು ಅದು ಮುಂದೆ ಓಡದಂತೆ ತಡೆದೆ. ಉದ್ದಕ್ಕೂ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಸಣ್ಣ ಸಣ್ಣ ತಿರುಪು ಕೂರಿಸಿ, ತಲೆ ಕತ್ತರಿಸಿ, ಬಡಿದು, ಉಜ್ಜಿದೆ. ಜೀವಮಾನದಲ್ಲಿ ಅಂಥ ಹೊಲಿಗೆ ಹಾಕಿಲ್ಲ. ದಿನಾ ಕಾಫಿ, ದಿನಾ ಮುರಬ್ಬ. ಎಂಜಿನ್ ಓಡಿದ ಮೇಲೆ ಇನ್ನೂ ಹತ್ತು ದಿನ ಗಾಡಿ ಕಲಿಸಿದೆ. ಅವಳು ಸೀಟಿನಲ್ಲಿ, ನಾನು ಮಡ್ಗಾರ್ಡಿನ ಮೇಲೆ. ಕ್ಲಚ್ಚು ಧಡಕ್ಕೆಂದು ಬಿಟ್ಟು ಬೇಲಿ ಮುರಿದಾಗ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಆ ನಗು ನನ್ನದು ಎಂದುಕೊಂಡೆ. ಹೆಂಡದಂಗಡಿಯಲ್ಲಿ ಜನ, "ಏನ್ ಮೇಸ್ತ್ರಿ, ಆ ಎಂಜಿನ್ ರಿಪೇರಿ ಈ ಜನ್ಮದಲ್ಲಿ ಮುಗಿಯುತ್ತಾ?" ಎಂದು ಕಣ್ಣು ಹೊಡೆದರು. ಹೊಡೆಯಲಿ ಬಿಡಿ ಎಂದುಕೊಂಡೆ.

ಮಾರ್ಚಿ ತಿಂಗಳ ಒಂದು ಭಾನುವಾರ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಮನೆಗೆ ಹೋದೆ. ಈ ಸಲ ಹೇಳಿಯೇಬಿಡುವುದೆಂದು. ಅವಳು ಆಗಲೇ ಟ್ರ್ಯಾಕ್ಟರಿನ ಮೇಲೆ ಕೂತಿದ್ದಳು. ಒಳ್ಳೆಯ ಕೋಟು ಹಾಕಿದ್ದಳು, ತಲೆಗೆ ಹೊಸ ಬಟ್ಟೆ ಕಟ್ಟಿದ್ದಳು.

"ಒಳ್ಳೆ ಹೊತ್ತಿಗೆ ಬಂದೆ ಮೇಸ್ತ್ರಿ. ನಿನ್ನ ಹೊಲಿಗೆ ಬೆಟ್ಟದ ಏರಿಗೆ ತಡಿಯುತ್ತಾ?"

"ಯಾವ ಏರು?"

"ಆಚೆ ಕಡೆ. ಅವನ ಅಣ್ಣನ ಮನೆಗೆ."

"ಅವನೇ ಬರ್ತಾನೆ ಬಿಡು. ಹಸಿವಾದ್ರೆ ನಾಯೀನೂ ಬರುತ್ತೆ" ಎಂದೆ.

"ಬರಲ್ಲ. ಬರೋಕೆ ಅವನಿಗೆ ಮುಖ ಇಲ್ಲ. ನನ್ನ ಹತ್ರ ಟ್ರ್ಯಾಕ್ಟರ್ ಇದೆ."

"ಅಂಥಾದ್ದು ಏನಿದೆ ಕೊಸಾನಾ ಅವನಲ್ಲಿ?"

ಅವಳು ಯೋಚಿಸಿದಳು. "ಅವನು ಕೇಳ್ದ ಮೇಸ್ತ್ರಿ" ಎಂದಳು. "ನನ್ನ ಇಡೀ ಜೀವಮಾನದಲ್ಲಿ 'ಏನಂತೀಯ' ಅಂತ ಕೇಳಿದೋನು ಅವನೊಬ್ಬನೇ. ಆಮೇಲೆ ಕೇಳೋದು ಮರ್ತ. ಮತ್ತೆ ಕಲಿಸ್ತೀನಿ. ಹೇಳು, ತಡಿಯುತ್ತಾ?"

ತಡೆಯುವುದಿಲ್ಲ ಅಂದಿದ್ದರೆ ಸಾಕಿತ್ತು. ಒಂದು ತಿಂಗಳು ಏರು ಹತ್ತಿಸಬೇಡ, ಹೊಲಿಗೆ ಕೂತುಕೊಳ್ಳಬೇಕು ಅಂದಿದ್ದರೆ ಅವಳು ಇಳಿದು ಒಳಗೆ ಹೋಗುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹೊಲಿಗೆ ನನ್ನದು! ಎಷ್ಟು ಹೊಟ್ಟೆಕಿಚ್ಚಿದ್ದರೂ ನನ್ನ ಕೈಕೆಲಸವನ್ನು ನಾನೇ ಕೆಟ್ಟದ್ದು ಅನ್ನಲು ಬಾಯಿ ಬರಲಿಲ್ಲ.

"ತಡಿಯುತ್ತೆ" ಎಂದೆ. "ಎರಡನೇ ಗೇರಲ್ಲೇ ಹೋಗು. ಇಳಿಯುವಾಗ ಕ್ಲಚ್ ಒತ್ತಬೇಡ."

ಮಧ್ಯಾಹ್ನ ಅವರು ನನ್ನ ಮನೆಯ ಮುಂದಿನ ರಸ್ತೆಯಲ್ಲೇ ವಾಪಸು ಬಂದರು. ಕೊಸಾನಾ ಸ್ಟೀರಿಂಗ್ ಬಿಗಿಯಾಗಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು, ನನ್ನ ಕಡೆ ತಿರುಗಲು ಅವಳಿಗೆ ಪುರುಸೊತ್ತಿರಲಿಲ್ಲ. ತಿಹೋಮಿರ್ ಮಡ್ಗಾರ್ಡಿನ ಮೇಲೆ, ನಾನು ಕೂರುತ್ತಿದ್ದ ಜಾಗದಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಕೈ ಎತ್ತಿದ. ನಾನೂ ಎತ್ತಿದೆ, ಎತ್ತದೆ ಏನು ಮಾಡಲಿ?

ಅವರು ತಿರುವು ದಾಟಿದ ಮೇಲೆ ರಸ್ತೆಗಿಳಿದೆ. ಇನ್ನೂ ಕರಗದ ಹಿಮದ ಮೇಲೆ ಚಕ್ರದ ಗುರುತು ಹಿಡಿದುಕೊಂಡು, ಬಗ್ಗಿ ನೋಡುತ್ತಾ ನೋಡುತ್ತಾ, ಅವಳ ಮನೆಯ ಗೇಟಿನ ತನಕ ನಡೆದೆ. ಎಲ್ಲಾದರೂ ಸೋರಿದೆಯೇನೋ ಎಂದು. ಒಂದು ಹನಿ ನೀರೂ ಬಿದ್ದಿರಲಿಲ್ಲ.